ಇಸ್ತ್ರಿಯಮ್ಮನ ಷರತ್ತುಗಳು

ಅವಧಿಗೆ ಮುಂಚೆ ಜೈಲಿನಿಂದ ಹೊರಬಂದವರಿಗೆಲ್ಲ ನಮ್ಮ ಆಫೀಸಿನಲ್ಲಿ ಮೊದಲು ಒಂದೇ ಹಾಳೆ ಕೊಡುತ್ತಿದ್ದರು. ಹತ್ತೊಂಬತ್ತು ಷರತ್ತುಗಳು, ಕೆಳಗೆ ಸಹಿಗೆ ಜಾಗ. ಅಂಗಡಿಯ ಬೀಗ ಒಡೆದವನಿಗೂ ಅದೇ, ಕುಡಿದು ಲಾರಿ ಓಡಿಸಿದವನಿಗೂ ಅದೇ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬಂದು ಹೊರಗಿನ ಬೆಂಚಿನ ಮೇಲೆ ಕೂರಬೇಕು. ಹತ್ತಕ್ಕೆ ಬರಲು ಹೋಗಿ ಕೆಲಸ ಕಳೆದುಕೊಂಡವರಿದ್ದರು. ಕೆಲಸ ಉಳಿಸಿಕೊಳ್ಳಲು ಹೋಗಿ, ಹತ್ತಕ್ಕೆ ಬಾರದೆ, ಮತ್ತೆ ಒಳಗೆ ಹೋದವರೂ ಇದ್ದರು.

ನಾನು ಸೇರಿದ ಎರಡನೇ ವರ್ಷ ಮೇಲಿನಿಂದ ಹೊಸ ಆದೇಶ ಬಂತು. ಪ್ರಯೋಗಕ್ಕೆಂದು ಮೂವತ್ತು ಜನರನ್ನು ಆರಿಸಿ, ಒಬ್ಬೊಬ್ಬರಿಗೂ ಅವರವರ ಬದುಕಿಗೆ ಹೊಂದುವ ಷರತ್ತುಗಳನ್ನು ಬರೆಯಬೇಕು ಎಂದು. ನಮ್ಮ ಹಿರಿಯ ಅಧಿಕಾರಿ ಎದುರಿಗೆ ಬಂದ ಕಾಗದಕ್ಕೆಲ್ಲ ಓದದೇ ಮೊಹರು ಒತ್ತುತ್ತಿದ್ದರಿಂದ ಬೆನ್ನ ಹಿಂದೆ ಅವರನ್ನು ಮೊಹರಪ್ಪ ಎನ್ನುತ್ತಿದ್ದೆವು. ಆದೇಶವನ್ನು ನನ್ನ ಮೇಜಿನ ಮೇಲೆ ಹಾಕಿ ಅವರು ಅಂದರು:

“ತಗೋಮ್ಮ, ನಿನಗೇ ಹೇಳಿ ಮಾಡಿಸಿದ ಕೆಲಸ. ಮೂವತ್ತು ಜನಕ್ಕೆ ಮೂವತ್ತು ಕತೆ ಬರಿ.”

ವ್ಯಂಗ್ಯಕ್ಕೆ ಅಂದದ್ದು. ಆದರೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾನು ಬೆಳೆದದ್ದು ಅಜ್ಜಿಯ ಮಗ್ಗುಲಲ್ಲಿ. ಅವಳ ಕತೆಗಳು ಕೇಳುವವರ ಮುಖ ನೋಡಿ ಬದಲಾಗುತ್ತಿದ್ದವು. ನನಗೆ ಜ್ವರ ಬಂದ ದಿನ ರಾಜಕುಮಾರಿಗೂ ಜ್ವರ. ನಾನು ಊಟ ಬಿಟ್ಟ ದಿನ ಏಳು ಸಮುದ್ರದಾಚೆಯ ಗಿಳಿಯೂ ಉಪವಾಸ. ನನ್ನ ತುಟಿ ನಡುಗಿತೋ, ರಾಕ್ಷಸ ಎತ್ತಿದ ಕೊಡಲಿಯನ್ನು ಕೆಳಗಿಟ್ಟು, “ಹೋಗಲಿ ಬಿಡು, ನನಗೂ ವಯಸ್ಸಾಯ್ತು” ಅನ್ನುತ್ತಿದ್ದ. ಅವಳ ಯಾವ ಕತೆಯೂ ನನ್ನನ್ನು ಅಳಿಸಿ ಮಲಗಿಸಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳುವ ವಿದ್ಯೆ ನನ್ನ ರಕ್ತದಲ್ಲೇ ಇದೆಯೆಂದು ನಾನು ನಂಬಿದ್ದೆ.

ಆ ಮೂವತ್ತರಲ್ಲಿ ಒಬ್ಬಳು ಇಸ್ತ್ರಿಯಮ್ಮ. ಜೈಲಿನ ಲಾಂಡ್ರಿಯಲ್ಲಿ ಐದು ವರ್ಷ ಇಸ್ತ್ರಿ ಮಾಡಿದ್ದರಿಂದ ಬಂದ ಹೆಸರು. ಮೊದಲ ದಿನ ನನ್ನೆದುರು ಕೂತವಳು ಮೇಜಿನ ಮೇಲಿದ್ದ ನನ್ನ ಕರವಸ್ತ್ರವನ್ನು ತನಗೇ ಗೊತ್ತಿಲ್ಲದೆ ಎತ್ತಿಕೊಂಡು, ಅಂಗೈಯಲ್ಲಿ ಒತ್ತಿ, ನಾಲ್ಕು ಮಡಿಕೆ ಮಾಡಿ, ಮೂಲೆಗೆ ಮೂಲೆ ಸರಿಯಾಗಿ ಇಟ್ಟಳು. ಇಟ್ಟಮೇಲೆ ನಾಚಿಕೊಂಡಳು.

“ತಪ್ಪು ತಿಳ್ಕೋಬೇಡಿ ಆಫೀಸರಮ್ಮ. ಕೈ ಸುಮ್ಮನಿರಲ್ಲ.”

ಅವಳ ಅಪರಾಧವನ್ನು ನಾನು ಕಡತದಲ್ಲಿ ಓದಿದ್ದೆ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಇಬ್ಬರು ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಗೆಳತಿಯ ಮನೆಗೆ ಕುಡಿಯಲು ಹೋಗಿದ್ದಳು. ಒಂದು ಗಂಟೆಯಲ್ಲಿ ಬರುತ್ತೇನೆಂದವಳು ಐದು ಗಂಟೆಯಾದರೂ ಬರಲಿಲ್ಲ. ಸ್ಟೌವಿನಿಂದ ಪರದೆಗೆ ಬೆಂಕಿ ಹತ್ತಿತು. ನಾಲ್ಕು ವರ್ಷದ ಚಿಕ್ಕವಳು ಹೋದಳು. ಹನ್ನೊಂದು ವರ್ಷದ ದೊಡ್ಡವಳನ್ನು ಪಕ್ಕದ ಮನೆಯವರು ಕಿಟಕಿ ಮುರಿದು ಎಳೆದುಕೊಂಡರು; ಅವಳ ಎಡಗೈ ಮೊಣಕೈವರೆಗೂ ಸುಟ್ಟಿತ್ತು. ಸ್ಟೌ ಆರಿಸದೇ ಹೋದದ್ದು ತಾಯಿಯೇ ಎಂದು ಕೋರ್ಟು ತೀರ್ಮಾನಿಸಿತು. ತಾನು ಆರಿಸಿದ್ದೆನೋ ಇಲ್ಲವೋ ಅವಳಿಗೂ ನೆನಪಿರಲಿಲ್ಲ. ಒಪ್ಪಿಕೊಂಡಳು. ಅಪ್ಪನೆಂಬವನು ಅದಕ್ಕೂ ಮುಂಚೆಯೇ ಕೈತೊಳೆದುಕೊಂಡು ಹೋಗಿದ್ದ. ದೊಡ್ಡವಳನ್ನು ಸೋದರತ್ತೆ ಸಾಕುತ್ತಿದ್ದಳು.

ಹದಿನಾಲ್ಕು ತಿಂಗಳ ಶಿಕ್ಷೆ ಇನ್ನೂ ಬಾಕಿ ಇತ್ತು. ಷರತ್ತು ಮುರಿದರೆ ಆಗ ಉಳಿದಷ್ಟನ್ನೂ ಒಳಗೇ ಕಳೆಯಬೇಕು. ಎಲ್ಲಕ್ಕಿಂತ ಗಟ್ಟಿ ಷರತ್ತು, ನಾನು ಬರೆದದ್ದಲ್ಲ, ಪೆರೋಲ್ ಮಂಡಳಿಯೇ ಹಾಕಿದ್ದು: ಮಗಳು ತಾನಾಗಿ ಬರೆದುಕೊಟ್ಟು ಒಪ್ಪುವತನಕ ಅವಳನ್ನು ನೋಡುವಂತಿಲ್ಲ, ಮಾತಾಡುವಂತಿಲ್ಲ, ಕಾಗದ ಹಾಕುವಂತಿಲ್ಲ.

“ಅವಳನ್ನ ಕೇಳೋರು ಯಾರು?” ಅಂದಳು ಇಸ್ತ್ರಿಯಮ್ಮ.

“ನಾನೇ.”

“ಯಾವಾಗ ಕೇಳ್ತೀರಿ?”

“ಮೊದಲು ನೀವು ಮೂರು ತಿಂಗಳು ಸರಿಯಾಗಿ ನಡ್ಕೊಂಡು ತೋರಿಸ್ಬೇಕು.”

“ಮೂರಲ್ಲ, ಆರು ಅನ್ನಿ ಬೇಕಾದ್ರೆ. ಕೇಳ್ತೀರಿ ತಾನೆ?”

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಆರರಿಂದ ಎರಡರವರೆಗೆ. ಆದ್ದರಿಂದ ಸೋಮವಾರದ ಹತ್ತು ಗಂಟೆಯನ್ನು ಹೊಡೆದುಹಾಕಿ ಮೂರೂವರೆ ಎಂದು ಬರೆದೆ. ಕುಡಿದಿಲ್ಲವೆಂದು ತೋರಿಸಲು ಯಂತ್ರಕ್ಕೆ ಊದಬೇಕಲ್ಲ, ಅದನ್ನು ಆಸ್ಪತ್ರೆಯ ನರ್ಸಿನ ಹತ್ತಿರವೇ ಊದಬಹುದೆಂದು ಬರೆದೆ. ಉಳಿದದ್ದು ಬಸ್ಸು. ಅವಳ ಕೋಣೆಯಿಂದ ಆಸ್ಪತ್ರೆಗೆ ನೇರ ಬಸ್ಸು ಒಂದೇ, ಅದು ಹೋಗುವುದು ಮಗಳ ಶಾಲೆಯ ಮುಂದಿನಿಂದ. ಆ ಬೀದಿಗೆ ಅವಳು ಕಾಲಿಡುವಂತಿರಲಿಲ್ಲ. ಸುತ್ತುದಾರಿಯಲ್ಲಿ ಎರಡು ಬಸ್ಸು ಹಿಡಿದರೆ ಆರಕ್ಕೆ ಮುಟ್ಟಲಾಗದು. ಆ ದಾರಿಯ ಮೊದಲ ಬಸ್ಸು ಹೊರಡುವುದೇ ಐದೂಮುಕ್ಕಾಲಿಗೆ.

ನಾನು ಸ್ವತಃ ಆ ಬಸ್ಸಿನಲ್ಲಿ ಹೋಗಿ ಬಂದೆ. ಬೆಳಗಿನ ಜಾವ ಶಾಲೆಗೆ ಬೀಗ. ಮಧ್ಯಾಹ್ನ ಎರಡೂಕಾಲಿಗೆ ಬಸ್ಸು ದಾಟುವಾಗ ಮಕ್ಕಳೆಲ್ಲ ತರಗತಿಯೊಳಗೆ. ಗೇಟಿನಲ್ಲಿ ಕಾವಲುಗಾರ ಬಿಟ್ಟರೆ ನರಪಿಳ್ಳೆ ಇಲ್ಲ. ‘ನೇರ ಬಸ್ಸಿನಲ್ಲಿ ಹೋಗಬಹುದು, ಶಾಲೆಯ ನಿಲ್ದಾಣದಲ್ಲಿ ಇಳಿಯತಕ್ಕದ್ದಲ್ಲ’ ಎಂದು ಬರೆದೆ. ಮೊಹರಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಮೊದಲ ಸಲ ಕಾಗದ ಓದಿದರು.

“ಬೆಂಕಿ ಹತ್ತಿರ ಬೆಣ್ಣೆ ಇಡ್ತಾ ಇದೀಯಲ್ಲಮ್ಮ.”

“ಇಲ್ಲದಿದ್ರೆ ಕೆಲಸ ಹೋಗತ್ತೆ ಸರ್.”

ಅವರು ಮೊಹರು ಒತ್ತಿದರು.

ಮೂರು ತಿಂಗಳು ಇಸ್ತ್ರಿಯಮ್ಮ ಗೀಟು ಎಳೆದಂತೆ ನಡೆದಳು. ಸೋಮವಾರ ಮೂರೂವರೆಗೆ ಹತ್ತು ನಿಮಿಷ ಇರುವಾಗಲೇ ಬೆಂಚಿನ ಮೇಲಿರುತ್ತಿದ್ದಳು. ಪಕ್ಕದಲ್ಲಿ, ಕುಡಿದು ಲಾರಿ ಓಡಿಸಿದ್ದ ಆ ಲಾರಿಯವನು. ಅವನ ಗ್ಯಾರೇಜಿನ ಕೆಲಸಕ್ಕೆ ಹೊಂದುವಂತೆ ಅವನಿಗೂ ನಾನೇ ಹೊತ್ತು ಬದಲಿಸಿ ಕೊಟ್ಟಿದ್ದೆ. ಇಬ್ಬರ ಮಾತು ಒಳಗಿನವರೆಗೂ ಕೇಳುತ್ತಿತ್ತು.

“ಡಾಕ್ಟರ ಕೋಟಿನ ಜೇಬಲ್ಲಿ ಏನೇನ್ ಸಿಗತ್ತೆ ಗೊತ್ತಾ? ಹಲ್ಲುಕಡ್ಡಿ, ಅರ್ಧ ಕಚ್ಚಿದ ಬಿಸ್ಕತ್ತು. ಮೊನ್ನೆ ಒಂದು ಪ್ರೇಮಪತ್ರ.”

“ಓದಿದ್ಯಾ?”

“ಓದದೇ ಇರ್ತಾರಾ? ಅಕ್ಷರ ಅರ್ಥ ಆದ್ರೆ ತಾನೆ! ಔಷಧಿ ಚೀಟಿ ಬರೆದ ಹಾಗೇ ಬರೆದಿದ್ದ. ಕೊಟ್ಟಿದ್ರೆ ಆ ಹುಡುಗಿ ಅದನ್ನ ತಗೊಂಡು ಮೆಡಿಕಲ್ ಶಾಪಿಗೆ ಹೋಗ್ತಿದ್ಲು.”

ನಾನು ಒಳಗೆ ಕೂತು ನಗುತ್ತಿದ್ದೆ.

ಮೂರು ತಿಂಗಳು ಮುಗಿದ ವಾರ ಮಗಳನ್ನು ಕಾಣಲು ಹೋದೆ. ಸೋದರತ್ತೆ ಹಲ್ಲಿನ ಡಾಕ್ಟರ ಬಳಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಶಾಲೆ ಬಿಟ್ಟಮೇಲೆ ಹುಡುಗಿ ಅಲ್ಲಿನ ಹಿಂಬದಿಯ ಸಣ್ಣ ಕೋಣೆಯಲ್ಲಿ ಕೂತು ಓದಿಕೊಳ್ಳುತ್ತಿದ್ದಳು. ಹದಿನೇಳು ವರ್ಷ. ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಗೋಡೆಯಾಚೆ ಯಾರದೋ ಹಲ್ಲು ಕೊರೆಯುವ ಸದ್ದು.

ನಾನು ಬಂದ ಕಾರಣ ಹೇಳಿದೆ. ಅವಳು ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು, ಹಾಕಿದಳು.

“ಬೇಡ ಅಂತ ಹೇಳಿ.”

“ಈಗ ಬೇಡ ಅಂತಲಾ, ಅಥವಾ...”

“ಬೇಡ. ಅವರಿಗೆ ಇದನ್ನ ಹೇಳಿ ಅಕ್ಕ. ಅವತ್ತು ಅವರು ಹೋಗುವಾಗ ಸ್ಟೌ ಆರಿಸಿದ್ರು. ತಂಗಿ ಹಸಿವು ಹಸಿವು ಅಂತ ಅತ್ತಳು. ಊಟ ಇರಲಿಲ್ಲ. ಹಚ್ಚಿದ್ದು ನಾನು.” ಧ್ವನಿ ಒಂದು ಚೂರೂ ಏರಲಿಲ್ಲ. “ಕೋರ್ಟಲ್ಲಿ ಯಾರೂ ನನ್ನ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅತ್ತೆಗೆ ಮಾತ್ರ ಗೊತ್ತು, ಅವರಿಗೂ ಗೊತ್ತಿಲ್ಲ. ಅವರ ಮುಖ ನೋಡಿದ್ರೆ ನನಗೆ ಅಡುಗೆಮನೆ ಕಾಣತ್ತೆ. ಅದಕ್ಕೇ ಬೇಡ. ಸಿಟ್ಟಿಂದ ಅಲ್ಲ. ಹೀಗೇ ಹೇಳಿ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಹಿಂದೆಯೇ ಬೀದಿಯವರೆಗೂ ಬಂದಳು. “ಎರಡು ವರ್ಷ ನೀರು ಕಾಯಿಸೋಕೂ ಒಲೆ ಹತ್ತಿರ ಬರ್ತಿರಲಿಲ್ಲ ಇವಳು. ಈಗ ದೊಡ್ಡ ಪರೀಕ್ಷೆ ಬರ್ತಿದೆ. ನಿಮ್ಮ ದಮ್ಮಯ್ಯ, ನೆಟ್ಟಗೆ ಹೇಳಿಬಿಡಿ ಅವರಿಗೆ.”

“ಹೇಳ್ತೀನಿ” ಎಂದೆ. ಹೇಳಬೇಕೆಂದೇ ಹೊರಟೆ.

ಮಾರನೆಯ ದಿನ ಆಸ್ಪತ್ರೆಯ ಲಾಂಡ್ರಿಗೆ ಹೋದೆ. ನೆಲಮಾಳಿಗೆ, ಹಬೆ, ಗುಡ್ಡೆ ಗುಡ್ಡೆ ಬಿಳಿ ಹೊದಿಕೆಗಳು. ಇಸ್ತ್ರಿಯಮ್ಮ ಇನ್ನೊಬ್ಬಳ ಜೊತೆ ಒಂದು ಹೊದಿಕೆಯ ಎರಡು ತುದಿ ಹಿಡಿದು ಎಳೆಯುತ್ತಿದ್ದಳು. ನನ್ನನ್ನು ಕಂಡವಳೇ ತನ್ನ ತುದಿ ಬಿಟ್ಟಳು. ಆಚೆಯವಳು ಹಿಂದಕ್ಕೆ ವಾಲಿ, “ಅಯ್ಯೋ ನಿನ್ನ, ಬೀಳಿಸ್ತೀಯಲ್ಲೇ!” ಎಂದು ಬೈದಳು. ಅದು ಅವಳ ಕಿವಿಗೆ ಬಿದ್ದಹಾಗೆ ಕಾಣಲಿಲ್ಲ. ಎರಡೂ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ಬಂದಳು; ಒಣಗಿದ್ದ ಕೈಯನ್ನೇ ಒರೆಸುತ್ತಿದ್ದಳು. ಕೆಳತುಟಿ ನಡುಗುತ್ತಿತ್ತು.

“ಹೇಗಿದಾಳೆ? ಎತ್ತರ ಆಗಿದಾಳಾ?”

“ಆಗಿದಾಳೆ. ನನಗಿಂತ ಎತ್ತರ.”

“ಏನಂದ್ಳು?”

ನಾನು ಬಾಯಿ ತೆರೆದೆ. ಮಗಳ ಮಾತು ನಾಲಿಗೆಯ ಮೇಲೇ ಇತ್ತು. ಆ ತುಟಿಯನ್ನು ನೋಡುತ್ತಾ ನೋಡುತ್ತಾ ನನ್ನೊಳಗಿನ ರಾಕ್ಷಸ ಕೊಡಲಿ ಕೆಳಗಿಟ್ಟುಬಿಟ್ಟ.

“ಯೋಚನೆ ಮಾಡ್ತಿದಾಳೆ” ಎಂದೆ.

ಅಷ್ಟೇ. ಪರೀಕ್ಷೆ ಮುಗಿದಮೇಲೆ ನಿಜ ಹೇಳಿದರಾಯಿತು, ಅಷ್ಟರಲ್ಲಿ ಹುಡುಗಿಯ ಮನಸ್ಸೂ ತಿರುಗೀತು ಎಂದು ಮೆಟ್ಟಿಲು ಹತ್ತುತ್ತಾ ನನಗೆ ನಾನೇ ಹೇಳಿಕೊಂಡೆ. ಅವಳು ಹಿಂದಿನಿಂದ ಕೂಗಿದಳು, “ಯೋಚನೆ ಮಾಡ್ಲಿ ಆಫೀಸರಮ್ಮ, ಚೆನ್ನಾಗಿ ಮಾಡ್ಲಿ. ಅವಸರ ಇಲ್ಲ!” ಆ ಧ್ವನಿಯಲ್ಲಿದ್ದ ಸಂತೋಷಕ್ಕೆ ನಾನು ಇಡೀ ದಿನ ಹಗುರವಾಗಿದ್ದೆ.

ಆಮೇಲಿನ ಐದು ಸೋಮವಾರ ಅವಳು ಮಗಳ ವಿಷಯ ಎತ್ತಲಿಲ್ಲ. ಕೇಳಿದರೆ ಎಲ್ಲಿ ಆ ಯೋಚನೆ ಬೆದರಿ ಓಡಿಹೋಗುತ್ತದೋ ಎಂಬಂತೆ ಸುಮ್ಮನಿದ್ದಳು. ಆದರೆ ಕೂದಲು ಕತ್ತರಿಸಿಕೊಂಡಳು. ಮುಂದಿನ ಹಲ್ಲೊಂದನ್ನು ಸರಿ ಮಾಡಿಸಿಕೊಂಡಳು. ಬಸ್ಸಿನಲ್ಲಿ ಎಡಗಡೆ ಕಿಟಕಿಯ ಸೀಟೇ ಬೇಕೆಂದು ಎಲ್ಲರನ್ನೂ ತಳ್ಳಿಕೊಂಡು ಮೊದಲು ಹತ್ತುತ್ತಾಳೆಂದು ಲಾರಿಯವನು ಚುಡಾಯಿಸಿದ.

“ಎಡಗಡೆ ಏನಿದೆ ಅಂತ?”

“ಗಾಳಿ ಬರತ್ತೆ” ಎಂದಳು.

ಎಡಗಡೆ ಶಾಲೆ ಇತ್ತು. ನನಗೆ ಗೊತ್ತಿತ್ತು. ಹೊರಗಿನಿಂದ ಗೋಡೆಯನ್ನು ನೋಡಿಕೊಂಡು ಹೋದರೆ ಯಾರಿಗೇನು ನಷ್ಟ ಎಂದುಕೊಂಡೆ.

ನನ್ನ ಲೆಕ್ಕ ತಪ್ಪಿದ್ದು ಒಂದೇ ಕಡೆ. ದೊಡ್ಡ ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನದ ಪತ್ರಿಕೆ ಶುರುವಾಗುವುದು ಎರಡೂವರೆಗೆ. ಎರಡೂಕಾಲಿಗೆ ಮಕ್ಕಳೆಲ್ಲ ಗೇಟಿನ ಹೊರಗೇ ನಿಂತು, ಕೊನೆಯ ಗಳಿಗೆಯಲ್ಲಿ ಪುಸ್ತಕ ತಿರುವುತ್ತಿರುತ್ತಾರೆ. ನಾನೂ ಶಾಲೆಗೆ ಹೋದವಳೇ. ನಾನೂ ಹಾಗೆ ನಿಂತವಳೇ. ಆದರೂ ಹೊಳೆಯಲಿಲ್ಲ.

ಅತ್ತೆಯ ಫೋನು ಬಂದಾಗ ಮೂರು ಗಂಟೆ. ಅವಳಿಗೆ ಅಳು ಬರುತ್ತಿರಲಿಲ್ಲ, ಉಸಿರು ಮಾತ್ರ ಬರುತ್ತಿತ್ತು. ಹೋಗಿ ನೋಡಿದರೆ ಹುಡುಗಿ ಶಾಲೆಯ ಶೌಚಾಲಯದಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಳು. ಟೀಚರುಗಳು ಬಾಗಿಲು ತಟ್ಟುತ್ತಿದ್ದರು. ಪರೀಕ್ಷೆಯ ಗಂಟೆ ಹೊಡೆದು ಅರ್ಧ ಗಂಟೆ ದಾಟಿತ್ತು. ಇನ್ನು ಒಳಗೆ ಬಿಡುವುದಿಲ್ಲ.

ಆದದ್ದು ಇಷ್ಟು. ಬಸ್ಸು ನಿಂತಿದೆ. ಇಸ್ತ್ರಿಯಮ್ಮ ಕಿಟಕಿಯಿಂದ ನೋಡಿದ್ದಾಳೆ. ಹುಡುಗಿಯರೆಲ್ಲ ಗುಂಪು ಗುಂಪಾಗಿದ್ದರೆ ಇವಳೊಬ್ಬಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಾಳೆ. ಇಸ್ತ್ರಿಯಮ್ಮ ಇಳಿದಿದ್ದಾಳೆ. ಹತ್ತಿರ ಹೋಗಿ ನಿಂತಿದ್ದಾಳೆ. ಹುಡುಗಿ ಕಣ್ಣು ಬಿಟ್ಟಿದ್ದಾಳೆ. ಆರು ವರ್ಷದಿಂದ ಕೂಡಿಟ್ಟ ಮಾತುಗಳಲ್ಲಿ ಯಾವುದೂ ಬಾಯಿಗೆ ಬಾರದೆ, ಯಾವ ತಾಯಿಯಾದರೂ ಕೇಳುವುದನ್ನೇ ಕೇಳಿದ್ದಾಳೆ.

“ಊಟ ಮಾಡಿದ್ಯಾ?”

ಅತ್ತೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಹಾಕಿದಳು. “ನೀವು ಅವರಿಗೆ ಹೇಳಿದ್ರಾ ಇಲ್ವಾ?”

ನಾನು ನೆಲ ನೋಡಿದೆ.

ವಿಚಾರಣೆ ಹತ್ತು ದಿನದ ಮೇಲೆ. ಉದ್ದ ಮೇಜಿನ ಹಿಂದೆ ಮಂಡಳಿಯ ಮೂವರು. ನಡುವೆ ಅಧ್ಯಕ್ಷೆ, ಕೆಮ್ಮಿನ ಮಿಠಾಯಿಯನ್ನು ಬಾಯಲ್ಲಿ ಹೊರಳಿಸುತ್ತಾ. ಇಸ್ತ್ರಿಯಮ್ಮನ ಪಕ್ಕದಲ್ಲಿ ನಾನು, ನನ್ನ ಹಿಂದೆ ಮೊಹರಪ್ಪ.

“ಯಾಕೆ ಇಳಿದ್ರಿ?” ಅಧ್ಯಕ್ಷೆ ಕೇಳಿದರು.

“ಮಗು ಒಂಟಿಯಾಗಿ ನಿಂತಿತ್ತು ಅಮ್ಮ. ಮುಖ ಸಣ್ಣ ಆಗಿತ್ತು.”

“ಇಳಿಯೋ ಹಾಗಿಲ್ಲ ಅಂತ ಗೊತ್ತಿತ್ತು ತಾನೆ?”

“ಗೊತ್ತಿತ್ತು.”

ನಾನು ಎದ್ದು ನಿಂತೆ. “ಮೇಡಂ, ಮಗಳು ಬೇಡ ಅಂತ ಸ್ಪಷ್ಟವಾಗಿ ಹೇಳಿದ್ಲು. ನಾನು ಇವರಿಗೆ ಅದನ್ನ ಹೇಳಲಿಲ್ಲ. ಯೋಚನೆ ಮಾಡ್ತಿದಾಳೆ ಅಂತ ಸುಳ್ಳು ಹೇಳಿದೆ. ಇವರು ಇಳಿದದ್ದು ಆ ಸುಳ್ಳಿನಿಂದ.”

ಅಧ್ಯಕ್ಷೆಯ ಬಾಯಲ್ಲಿ ಮಿಠಾಯಿ ನಿಂತಿತು. ಇಸ್ತ್ರಿಯಮ್ಮ ನನ್ನ ಕಡೆ ತಿರುಗಿದಳು. ‘ಬೇಡ’ ಎಂಬ ಮಾತು ಅವಳಿಗೆ ಮೊದಲು ಮುಟ್ಟಿದ್ದು ಆಗಲೇ, ಆ ಕೋಣೆಯಲ್ಲಿ, ಅಷ್ಟು ಜನರ ಎದುರಿಗೆ. ಮುಖದಲ್ಲಿ ಏನೋ ಮಡಚಿಕೊಂಡಿತು. ಆಮೇಲೆ ಅವಳು ಅಧ್ಯಕ್ಷೆಯ ಕಡೆ ತಿರುಗಿ, ಬೆಂಚಿನ ಮೇಲೆ ಕೂತು ಹರಟುವಾಗಿನ ಅದೇ ದನಿಯಲ್ಲಿ ಅಂದಳು:

“ಇಲ್ಲ ಅಮ್ಮ. ಆಫೀಸರಮ್ಮ ಪಾಪ ನನ್ನ ಉಳಿಸೋಕೆ ಹೇಳ್ತಿದಾರೆ. ಅವರು ಬೇಡ ಅಂತ್ಲೇ ಹೇಳಿದ್ರು. ಲಾಂಡ್ರಿ ಮಿಷನ್ನು ಗಡಗಡ ಅಂತಿತ್ತು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ.”

“ಸುಳ್ಳು!” ಅಂದೆ ನಾನು.

“ಕೂತ್ಕೊಳ್ಳಿ” ಅಂದರು ಅಧ್ಯಕ್ಷೆ, ಯಾರಿಗೆ ಎಂದು ತಿಳಿಯದ ಹಾಗೆ. ಮೂವರೂ ತಲೆ ಕೂಡಿಸಿ ಪಿಸುಗುಟ್ಟಿದರು. ಯಾರು ಏನು ಹೇಳಿದ್ದರೂ ಹುಡುಗಿಯ ಪರೀಕ್ಷೆ ಹೋದದ್ದು ನಿಜ, ಅವಳು ಆವತ್ತಿನಿಂದ ಮನೆ ಬಿಟ್ಟು ಹೊರಬಂದಿಲ್ಲವೆಂಬುದು ನಿಜ. ಉಳಿದ ಒಂಬತ್ತು ತಿಂಗಳನ್ನು ಇಸ್ತ್ರಿಯಮ್ಮ ಒಳಗೇ ಕಳೆಯಬೇಕೆಂದು ತೀರ್ಪಾಯಿತು. ನನಗೆ ಲಿಖಿತ ಎಚ್ಚರಿಕೆ. ಪ್ರಯೋಗ ಮುಂದುವರಿಯಲಿ ಎಂದರು.

ಹೊರಗೆ ಕಾರಿಡಾರಿನಲ್ಲಿ ಮೊಹರಪ್ಪ ನನ್ನ ಪಕ್ಕಕ್ಕೆ ಬಂದು ನಿಂತರು. ಬೈಯಲಿ ಎಂದು ಕಾದೆ.

“ನಾನಾಗಿದ್ರೆ ಆ ಬಸ್ಸು ಕೊಡ್ತಿರಲಿಲ್ಲ” ಅಂದರು. “ನಾನಾಗಿದ್ರೆ ಎರಡನೇ ವಾರಕ್ಕೇ ಅವಳ ಕೆಲಸ ಹೋಗಿ, ಮೂರನೇ ವಾರಕ್ಕೆ ಕುಡಿದಿರ್ತಿದ್ಲು. ಅದೂ ನಿಜ.” ಕನ್ನಡಕ ತೆಗೆದು ಒರೆಸಿದರು. “ಬಸ್ಸಿನ ವಿಷಯ ಬಿಡು. ಆ ಮಗು ಹೇಳಿಕಳಿಸಿದ ಮಾತನ್ನ ನೀನು ಮಧ್ಯದಲ್ಲಿ ಇಟ್ಕೊಂಡ್ಯಲ್ಲಮ್ಮ. ಅದು ನಿನ್ನದಾಗಿರಲಿಲ್ಲ.”

ನನಗೆ ಅಳು ಬಂತು. ಅವರು ಕರವಸ್ತ್ರ ಕೊಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಅತ್ತು ಮುಗಿಸುವತನಕ ಪಕ್ಕದಲ್ಲಿ ನಿಂತಿದ್ದರು.

ಎರಡು ವಾರ ಬಿಟ್ಟು ಜೈಲಿಗೆ ಹೋದೆ. ಒಂಬತ್ತು ತಿಂಗಳ ಮೇಲೆ ಅವಳು ಹೊರಬಂದಾಗ ಆರು ತಿಂಗಳು ನಮ್ಮ ನಿಗಾದಲ್ಲಿರಬೇಕು. ಅದಕ್ಕೆ ಹೊಸ ಯೋಜನೆ ಬರೆಯುವುದು ನೆಪ. ಭೇಟಿಯ ಕೋಣೆಯಲ್ಲಿ ನೆಲಕ್ಕೆ ಬಿಗಿದ ಮೇಜು, ಎರಡು ಕುರ್ಚಿ, ಬಾಗಿಲ ಬಳಿ ಆಕಳಿಸುತ್ತಿದ್ದ ವಾರ್ಡನ್ನು. ಇಸ್ತ್ರಿಯಮ್ಮ ಬಂದು ಕೂತಳು. ಸೊರಗಿರಲಿಲ್ಲ. ಜೈಲಿನವರು ಮತ್ತೆ ಲಾಂಡ್ರಿಗೇ ಹಾಕಿದ್ದಾರಂತೆ, ಹಳೇ ಇಸ್ತ್ರಿಪೆಟ್ಟಿಗೆಯೇ ಸಿಕ್ಕಿದೆಯಂತೆ.

“ಯಾಕೆ ಹಾಗೆ ಹೇಳಿದ್ರಿ ಮಂಡಳಿ ಎದುರಿಗೆ?” ಎಂದೆ.

“ನಿಮ್ಮ ಕೆಲಸ ಹೋದ್ರೆ ಆ ಲಾರಿಯವನ ಗತಿ ಏನು? ಮತ್ತೆ ಹತ್ತು ಗಂಟೆಗೆ ಬಾ ಅಂತಾರೆ. ಅವನಿಗೆ ಆಮೇಲೆ ಗ್ಯಾರೇಜು ಇಲ್ಲ, ಏನಿಲ್ಲ.” ಮೇಜಿನ ಅಂಚನ್ನು ಅಂಗೈಯಿಂದ ಸವರಿದಳು. “ನಿಮ್ಮ ಮೇಲೆ ಸಿಟ್ಟು ಬರಲಿಲ್ಲ ಅಂತ ತಿಳ್ಕೋಬೇಡಿ. ಬಂತು. ಮೂರು ದಿನ ಊಟ ಬಿಟ್ಟೆ. ಈಗ ಹೇಳಿ. ಅವಳು ನಿಜವಾಗಿ ಏನಂದ್ಳು?”

ಹೇಳಿದೆ. ಬೇಡ ಅಂದದ್ದನ್ನು, ಹಸಿವೆಂದು ಅತ್ತ ತಂಗಿಯನ್ನು, ಸ್ಟೌ ಹಚ್ಚಿದ್ದು ಯಾರೆಂಬುದನ್ನು, ಸಿಟ್ಟಿಂದ ಅಲ್ಲ ಅಂದದ್ದನ್ನು. ಒಂದು ಅಕ್ಷರ ಸೇರಿಸಲಿಲ್ಲ, ಒಂದು ಅಕ್ಷರ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಬಾರದೆಂದು ಎಷ್ಟು ಮನಸ್ಸಾದರೂ ನೋಡಿಕೊಂಡೇ ಹೇಳಿದೆ.

ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಹಿಂದಿನಿಂದ ಸಣ್ಣ ಸದ್ದು ಬಂತು. ವಾರ್ಡನ್ನು ಆಕಳಿಕೆ ನಿಲ್ಲಿಸಿ ಆಚೆ ನೋಡಿದಳು.

“ನಾನು ಊಟ ಮಾಡಿದ್ಯಾ ಅಂತ ಕೇಳ್ದೆ” ಅಂದಳು ಕೊನೆಗೆ. “ಅವಳನ್ನ. ಊಟ ಮಾಡಿದ್ಯಾ ಅಂತ.”

ನಾನು ನನ್ನ ಕರವಸ್ತ್ರವನ್ನು ಅವಳ ಕಡೆ ಸರಿಸಿದೆ.

“ಬೀಗ ಹಾಕಿದ್ದು ನಾನು. ಊಟ ಇಡದೇ ಹೋದವಳು ನಾನು. ಅವಳು ಹಚ್ಚಿದ್ರೂ ನಾನೇ ಹಚ್ಚಿದ ಹಾಗೆ. ಇದನ್ನ ಅವಳಿಗೆ ಹೇಳ್ತೀರಾ?”

“ಹೇಳೋಕೆ ಅಪ್ಪಣೆ ಇಲ್ಲ. ನಿಮ್ಮಿಂದ ಒಂದು ಮಾತಿದೆ, ಕೇಳ್ತೀಯಾ ಅಂತ ಅವಳನ್ನ ಮೊದಲು ಕೇಳ್ತೀನಿ. ಬೇಡ ಅಂದ್ರೆ, ಬೇಡ ಅಂದ್ಲು ಅಂತ್ಲೇ ಬಂದು ಹೇಳ್ತೀನಿ.”

“ಹೂಂ. ಹಾಗೇ ಮಾಡಿ.”

ನಾನು ಹೊಸ ಹಾಳೆ ತೆಗೆದೆ. ಅವಳು ಮೂಗು ಒರೆಸಿಕೊಂಡು ಮುಂದಕ್ಕೆ ಬಾಗಿದಳು.

“ಈ ಸಲ ನಾನು ಹೇಳ್ತೀನಿ, ನೀವು ಬರೀರಿ. ನನ್ನನ್ನ ಈ ಊರಲ್ಲಿ ಬಿಡಬೇಡಿ. ಬೇಜಾರಾದ ದಿನ ಬಸ್ಸು ಹತ್ತಿ ವಾಪಸ್ ಬಂದುಬಿಡೋಣ ಅನ್ನಿಸೋ ಅಷ್ಟು ಹತ್ತಿರವೂ ಬೇಡ. ದೂರದ್ದು ಬರೀರಿ.”

“ಮಗಳಿಂದ ಅಷ್ಟು ದೂರ ಇರ್ತೀರಾ?”

“ಅವಳು ಬೀದಿಗೆ ಬರಬೇಕಲ್ಲ. ಗೇಟಲ್ಲಿ ನಿಂತ್ಕೋಬೇಕಲ್ಲ. ಯಾರು ಬಂದ್ರೋ ಅಂತ ಬೆದರದೇ ಪರೀಕ್ಷೆ ಬರೀಬೇಕಲ್ಲ, ಮುಂದಿನ ಸಲ.”

ಬರೆದೆ. ವಾಸದ ಊರು ಎಂಬ ಖಾನೆಯಲ್ಲಿ, ಹನ್ನೊಂದು ಗಂಟೆ ಪ್ರಯಾಣದ, ನಾನು ಎಂದೂ ನೋಡದ ಒಂದು ಊರು. ಅವಳು ಆ ಹೆಸರನ್ನು ತಲೆಕೆಳಗಾಗಿ ಓದಲು ಕತ್ತು ಓರೆ ಮಾಡಿದಳು. ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಆಮೇಲೆ ಮಗುವಿನ ಹಾಗೆ ಮುಖ ಎತ್ತಿ ಕೇಳಿದಳು:

“ಅಲ್ಲಿ ದೊಡ್ಡ ಆಸ್ಪತ್ರೆ ಇದೆಯಾ? ನನಗೆ ಲಾಂಡ್ರಿಯಲ್ಲಿ ಕೆಲಸ ಸಿಗತ್ತಾ?”

ಒಂದು ಇಡೀ ಆಸ್ಪತ್ರೆ ನನ್ನ ಕಣ್ಣ ಮುಂದೆ ಎದ್ದು ನಿಂತಿತು. ದೊಡ್ಡ ಕಿಟಕಿಗಳಿದ್ದವು, ಬಿಸಿಲಿತ್ತು, ಹೊದಿಕೆಯ ಇನ್ನೊಂದು ತುದಿ ಹಿಡಿಯಲು ನಗುಮುಖದ ಒಬ್ಬ ಹೆಂಗಸೂ ಇದ್ದಳು. ಇಸ್ತ್ರಿಯಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ” ಎಂದೆ. “ವಿಚಾರಿಸ್ತೀನಿ. ಇಲ್ಲದೇನೂ ಇರಬಹುದು.”

ಅವಳು ನಿಧಾನವಾಗಿ ತಲೆಯಾಡಿಸಿದಳು. ಪೆನ್ನು ಕೇಳಿ ಇಸಿದುಕೊಂಡು, ಹಾಳೆಯನ್ನು ತನ್ನ ಕಡೆ ತಿರುಗಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲು ಓದಲು ತೊಡಗಿದಳು.